ಲಿಸ್ಬನ್ನಿನ ಮೂರು ಇಗರ್ಜಿಗಳು

ನಮ್ಮ ಕರಾವಳಿಯ ಜನರು ಚರ್ಚಿಗೆ ಇಗರ್ಜಿ ಎನ್ನುತ್ತಾರೆ. ಅದು ಪೋರ್ತುಗೀಸರ ಹಡಗುಗಳೊಡನೆ ಬಂದ ಪದ. ಆ ಹಡಗುಗಳು ಹೊರಟ ಲಿಸ್ಬನ್ ನಗರದ ಇಗರ್ಜಿಗಳನ್ನು ಕಾಣಹೋದ ಕನ್ನಡಿಗನಿಗೆ ಯಾತ್ರಿಕನ ಕಣ್ಣೊಂದೇ ಸಾಲದು. ಕಟ್ಟಡದ ಚೆಲುವನ್ನು ಅಳೆಯುವುದರೊಡನೆ, ಅದು ಏನನ್ನು ನೆನೆಯುತ್ತದೆ, ಏನನ್ನು ಮರೆಯುತ್ತದೆ ಎಂಬುದನ್ನೂ ಅವನು ವಿಚಾರಿಸಬೇಕಾಗುತ್ತದೆ.

ಬೆಲೆಮಿನ ಜೆರೋನಿಮೋಸ್ ಮಠವು ಇವುಗಳಲ್ಲಿ ಅಗ್ರಗಣ್ಯವೆಂದು ಬಹುಮಂದಿ ಒಪ್ಪುತ್ತಾರೆ. ದೊರೆ ಒಂದನೆಯ ಮ್ಯಾನುಯೆಲನು 1501ರ ಸುಮಾರಿಗೆ ಆರಂಭಿಸಿದ ಈ ಕಾರ್ಯಕ್ಕೆ, ಆಫ್ರಿಕ ಹಾಗೂ ಪೂರ್ವದೇಶಗಳ ವ್ಯಾಪಾರದ ಮೇಲೆ ವಿಧಿಸಿದ ನೂರಕ್ಕೆ ಐದರ ಸುಂಕವು ಹಣ ಒದಗಿಸಿತು. ತೆಳುಗಂಬಗಳು ತಾಳೆಮರಗಳಂತೆ ಮೇಲೆದ್ದು ಚಾವಣಿಯಲ್ಲಿ ಕವಲೊಡೆಯುವ ಪರಿ ನಿಜಕ್ಕೂ ಬೆರಗುಗೊಳಿಸುವಂಥದು. ಕಡಲಯಾನದ ಹಗ್ಗಗಳೂ ಗಂಟುಗಳೂ ಕಲ್ಲಿನಲ್ಲಿ ಅಲಂಕಾರಗಳಾಗಿವೆ. ಒಳಗೆ ವಾಸ್ಕೋ ಡ ಗಾಮನಿಗೂ, ಅವನ ಯಾನವನ್ನು 1572ರಲ್ಲಿ ಮಹಾಕಾವ್ಯವಾಗಿಸಿದ ಕವಿ ಕಮೋಯಿನ್ಸನಿಗೂ ಸಮಾಧಿಗಳಿವೆ. ಮ್ಯಾನುಯೆಲನ ಸಮಾಧಿಯನ್ನು ಹೊತ್ತು ನಿಂತಿರುವುವು ಅಮೃತಶಿಲೆಯ ಆನೆಗಳು.

ಕಲೆಯನ್ನು ಕಲೆಯೆಂದೇ ನೋಡಬೇಕು, ಅದರ ಮುಂದೆ ಚರಿತ್ರೆಯ ಲೆಕ್ಕ ಬಿಚ್ಚುವುದು ಅರಸಿಕತೆಯೆಂದು ಕೆಲವರು ಆಕ್ಷೇಪಿಸಬಹುದು. ಆದರೆ ಕಡಲಯಾನವನ್ನು ತನ್ನ ವಸ್ತುವಾಗಿ ಆರಿಸಿಕೊಂಡದ್ದು ಈ ಕಲೆಯೇ. ಹಾಗಿರುವಾಗ ಆ ಆಯ್ಕೆಯನ್ನು ಪರೀಕ್ಷಿಸುವುದು ವಿಮರ್ಶೆಯ ಧರ್ಮವೇ ಆಗಿದೆ. 1542ರಲ್ಲಿ ಗವರ್ನರ್ ಮಾರ್ತಿಂ ಅಫೊನ್ಸೊ ಡಿ ಸೋಜನ ದಂಡು ನಮ್ಮ ಭಟ್ಕಳವನ್ನು ಸುಲಿದು ಸುಟ್ಟಿತು. ಬೆಲೆಮಿನ ಶಿಲ್ಪದಲ್ಲಿ ಹಡಗಿನ ಹಗ್ಗವಿದೆ, ಹೊರೆ ಹೊತ್ತ ಆನೆಯಿದೆ. ಬೆಂದ ಬಂದರಿಗೆ ಅಲ್ಲಿ ಎಡೆಯಿಲ್ಲ.

ಎರಡನೆಯದು ಕಾರ್ಮೊ. 1389ರಲ್ಲಿ ಸ್ಥಾಪಿತವಾದ ಈ ಗಾಥಿಕ್ ಮಂದಿರದ ಮಾಡು 1755ರ ನವೆಂಬರ್ 1ರಂದು, ಸಕಲ ಸಂತರ ಹಬ್ಬದ ಬೆಳಗಿನಲ್ಲಿ, ಮಹಾಭೂಕಂಪಕ್ಕೆ ಸಿಕ್ಕಿ ಕುಸಿಯಿತು. ಪುನರ್ನಿರ್ಮಾಣವು ತೊಡಗಿದರೂ ಪೂರ್ಣವಾಗಲಿಲ್ಲ. ಇಂದಿಗೂ ಅದರ ಕಮಾನುಗಳ ನಡುವೆ ಆಕಾಶವೇ ಚಾವಣಿ. ಇಲ್ಲಿ ಮನಸ್ಸು ಸುಲಭವಾಗಿ ಕರಗುತ್ತದೆ. ಆದರೆ ಆ ಸೌಲಭ್ಯದ ಬಗೆಗೆ ನಾವು ಎಚ್ಚರದಿಂದಿರಬೇಕು. ಕೆಡವಿದ್ದು ಪ್ರಕೃತಿ, ಆದುದರಿಂದ ಯಾರೂ ಉತ್ತರ ಹೇಳಬೇಕಾಗಿಲ್ಲ, ಯಾರೂ ತಲೆತಗ್ಗಿಸಬೇಕಾಗಿಲ್ಲ.

ತಲೆತಗ್ಗಿಸಬೇಕಾದ ಎಡೆ ರೊಸಿಯೊ ಚೌಕದ ಬಳಿಯ ಸಾಂ ದೊಮಿಂಗೋಸ್. 1497ರಲ್ಲಿ ಯಹೂದ್ಯರನ್ನು ಬಲಾತ್ಕಾರವಾಗಿ ಮತಾಂತರಿಸಿದವನು ಬೆಲೆಮಿನ ಮಠ ಕಟ್ಟಿಸಿದ ಅದೇ ಮ್ಯಾನುಯೆಲನು. 1506ರ ಏಪ್ರಿಲಿನಲ್ಲಿ ಈ ಇಗರ್ಜಿಯೊಳಗೆ ಶಿಲುಬೆಯಲ್ಲಿ ಬೆಳಕು ಕಂಡಿತೆಂದು ಜನ ಪವಾಡ ಸಾರಿದರು. ಅದು ದೀಪದ ಪ್ರತಿಬಿಂಬವಿರಬಹುದೆಂದು ಮತಾಂತರಿತನೊಬ್ಬನು ಶಂಕಿಸಿದನಂತೆ. ಅವನನ್ನು ಕೊಂದ ಗುಂಪು ಸಂನ್ಯಾಸಿಗಳ ಪ್ರಚೋದನೆಯಿಂದ ನಗರದಲ್ಲೆಲ್ಲ ಮೂರು ದಿನ ಕೊಲೆ ನಡೆಸಿತು. ಅನಂತರ ದೊರೆ ಅಪರಾಧಿಗಳನ್ನು ದಂಡಿಸಿದನು, ಮಡಿದವರು ಮರಳಲಿಲ್ಲ.

ಈ ಮಂದಿರವೂ ಭೂಕಂಪಗಳಿಗೆ ತುತ್ತಾಯಿತು. 1959ರ ಆಗಸ್ಟಿನಲ್ಲಿ ಬೆಂಕಿ ಒಳಾಂಗಣವನ್ನು ನುಂಗಿತು. 1994ರಲ್ಲಿ ಮತ್ತೆ ತೆರೆದಾಗ ಸೀಳಿದ ಕಂಬಗಳನ್ನು, ಬೆಂದ ಗೋಡೆಗಳನ್ನು ಮುಚ್ಚದೆ ಹಾಗೆಯೇ ಉಳಿಸಿಕೊಂಡರು. ಆ ಗಾಯಗಳ ನಡುವೆ ಪೂಜೆ ನಡೆಯುತ್ತದೆ. ಜೆರೋನಿಮೋಸಿನ ಕುಶಲತೆಯಾಗಲಿ, ಕಾರ್ಮೊದ ಲಾಲಿತ್ಯವಾಗಲಿ ಇಲ್ಲಿಲ್ಲ. ಆದರೂ ಮೂರರಲ್ಲಿ ಹೆಚ್ಚಿನ ಸತ್ಯವುಳ್ಳದ್ದು ಇದೇ ಎಂಬುದು ನನ್ನ ಅಭಿಪ್ರಾಯ.

ಈ ಅಭಿಪ್ರಾಯಕ್ಕೂ ಒಂದು ಮಿತಿಯುಂಟು. ಬೆಂದ ಗೋಡೆಯು ಬೆಂಕಿಯ ಕಥೆಯನ್ನು ಹೇಳೀತು. ಕೊಲೆಯ ಕಥೆಯನ್ನು ಅದು ತಾನಾಗಿ ಹೇಳಲಾರದು. ಅದಕ್ಕಾಗಿ 2008ರಲ್ಲಿ ಇಗರ್ಜಿಯ ಹೊರಗಣ ಚೌಕದಲ್ಲಿ, ಹತರಾದವರ ಹೆಸರಿನಲ್ಲಿ, ದಾವೀದನ ನಕ್ಷತ್ರವುಳ್ಳ ಸ್ಮಾರಕವೊಂದನ್ನು ನಿಲ್ಲಿಸಬೇಕಾಯಿತು. ಐನೂರು ವರ್ಷಗಳ ಮೇಲೆ ಬಂದರೂ ಅದು ಬಂದಿತು. ಕಲ್ಲಿಗೆ ತಾನಾಗಿ ನೆನಪಿಲ್ಲ. ಬರೆಯುವವರಿದ್ದರೆ ಮಾತ್ರ ಅದು ನೆನೆಯುತ್ತದೆ. ಭಟ್ಕಳದ ಪಾಲಿನ ಬರವಣಿಗೆಯನ್ನು ಲಿಸ್ಬನ್ನಿನಿಂದ ನಿರೀಕ್ಷಿಸುತ್ತ ಕುಳಿತಿರಬೇಕಾಗಿಲ್ಲ. ಅದು ನಮ್ಮ ಕೆಲಸ.