ಐತಿಹಾಸಿಕ ಚಲಚ್ಚಿತ್ರದಲ್ಲಿ ಸತ್ಯ, ಶೌರ್ಯ, ಆಕ್ಷೇಪಾರ್ಹತೆ: ಹಲಗಲಿಯ ನಿದರ್ಶನ

ಇತಿಹಾಸವನ್ನು ವಸ್ತುವಾಗಿ ಉಳ್ಳ ಕಾದಂಬರಿ, ನಾಟಕ, ಚಲಚ್ಚಿತ್ರಗಳನ್ನು ಕುರಿತು ನಮ್ಮಲ್ಲಿ ನಡೆಯುವ ವಿವೇಚನೆ ಸಾಮಾನ್ಯವಾಗಿ ಎರಡು ತುದಿಗಳಲ್ಲಿ ನಿಂತುಬಿಡುತ್ತದೆ. ಒಂದು ತುದಿಯಲ್ಲಿ ವಿದ್ವಾಂಸರಿದ್ದಾರೆ. ಇಸವಿ ತಪ್ಪಿದೆ, ಉಡುಪು ಆ ಕಾಲದ್ದಲ್ಲ, ಕೋಟೆಯ ಬಾಗಿಲು ಹಾಗಿರಲಿಲ್ಲ ಎಂದು ದೋಷಗಳ ಪಟ್ಟಿ ಮಾಡಿ ಅವರು ತೃಪ್ತರಾಗುತ್ತಾರೆ. ಇನ್ನೊಂದು ತುದಿಯಲ್ಲಿ ಜನಸಮುದಾಯವಿದೆ. ನಮ್ಮ ವೀರನಿಗೆ ಕುಂದು ಬಂದಿತೆ, ನಮ್ಮ ಕುಲಕ್ಕೆ ಅವಮಾನವಾಯಿತೆ ಎಂಬುದಷ್ಟೆ ಅವರ ಪ್ರಶ್ನೆ. ಇವೆರಡೂ ಉಪೇಕ್ಷಣೀಯವಲ್ಲ. ಆದರೆ ಇವುಗಳಿಗಿಂತ ಮುಖ್ಯವಾದ ಪ್ರಶ್ನೆಯೊಂದನ್ನು ಯಾರೂ ಕೇಳುವುದಿಲ್ಲ: ನಡೆದ ಕಾರ್ಯ ಯಾರದು, ಅದು ಏತಕ್ಕಾಗಿ ನಡೆಯಿತು, ಅದರ ಬೆಲೆಯನ್ನು ತೆತ್ತವರಾರು? ಐತಿಹಾಸಿಕ ಕಥನವನ್ನು ಅಳೆಯಬೇಕಾದ ಅಳತೆಗೋಲು ಇದೇ ಎಂಬುದು ನಮ್ಮ ಅಭಿಪ್ರಾಯ.

ಈ ವಿಚಾರವನ್ನು ಇಂದು ಎತ್ತಿಕೊಳ್ಳಲು ಕಾರಣವಿದೆ. ಬೀಳಗಿಗೆ ನೆರೆಯ ಮುಧೋಳ ತಾಲ್ಲೂಕಿನ ಹಲಗಲಿಯ ಬೇಡರ ಬಂಡಾಯವನ್ನು ಕುರಿತು ದೊಡ್ಡ ಪ್ರಮಾಣದ ಕನ್ನಡ ಚಿತ್ರವೊಂದು ಈಚಿನ ವರ್ಷಗಳಲ್ಲಿ ಘೋಷಿತವಾಗಿದೆ. ಯಾವುದೇ ಒಂದು ಚಿತ್ರದ ಗುಣದೋಷವನ್ನು ನಿರ್ಣಯಿಸುವುದು ಇಲ್ಲಿಯ ಉದ್ದೇಶವಲ್ಲ. ಈ ವಸ್ತುವನ್ನು ಕೈಗೆತ್ತಿಕೊಳ್ಳುವ ಯಾವ ಕಲಾವಿದನ ಮುಂದೆಯೂ ನಿಲ್ಲುವ ಹೊಣೆ ಎಂತಹುದೆಂಬುದನ್ನು ವಿವೇಚಿಸುವುದಷ್ಟೆ ನಮ್ಮ ಉದ್ದೇಶ.

೧

ಮೊದಲು ಸಂಗತಿಗಳನ್ನು ಸಂಗ್ರಹವಾಗಿ ನೋಡೋಣ. 1857ರಲ್ಲಿ ಉತ್ತರ ಹಿಂದುಸ್ಥಾನದಲ್ಲಿ ದಂಗೆ ಎದ್ದ ಮೇಲೆ ಕಂಪನಿ ಸರಕಾರವು ಪ್ರಜೆಗಳ ಕೈಯಲ್ಲಿಯ ಆಯುಧಗಳನ್ನು ಹತೋಟಿಗೆ ತರಲು ಶಾಸನ ಮಾಡಿತು. ಆಗ ಹಲಗಲಿಯು ಘೋರ್ಪಡೆ ಮನೆತನದ ಮುಧೋಳ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯ ಬೇಡರು ಹತಾರು ಒಪ್ಪಿಸಲು ನಿರಾಕರಿಸಿದರು. ನವೆಂಬರ್ ತಿಂಗಳ ಕೊನೆಯಲ್ಲಿ ಕರ್ನಲ್ ಮಾಲ್ಕಮನ ನೇತೃತ್ವದಲ್ಲಿ ಬಂದ ಸೈನ್ಯ ಊರನ್ನು ಮುತ್ತಿ ಬೆಂಕಿಯಿಟ್ಟಿತು. ನೂರರಷ್ಟು ಜನ ಮಡಿದರು, ಇನ್ನೂರಕ್ಕೂ ಮಿಕ್ಕಿ ಸೆರೆಸಿಕ್ಕರು. ಡಿಸೆಂಬರ್ 11ರಂದು ಮುಧೋಳದಲ್ಲಿ 13 ಜನರನ್ನೂ 14ರಂದು ಹಲಗಲಿಯಲ್ಲಿಯೇ 6 ಜನರನ್ನೂ ಗಲ್ಲಿಗೇರಿಸಲಾಯಿತು.

ಇದು ಸರಕಾರದ ಕಡೆಯಿಂದ ಬಂದ ವೃತ್ತಾಂತ. ಇದರಲ್ಲಿ ಸಂಖ್ಯೆಗಳಿವೆ, ದಿನಾಂಕಗಳಿವೆ, ಸೇನಾಧಿಕಾರಿಯ ಹೆಸರಿದೆ. ಸತ್ತವರ ಮನೆಯ ಮಾತು ಇಲ್ಲ. ಆ ಮಾತನ್ನು ಉಳಿಸಿಕೊಟ್ಟುದು ಲಾವಣಿ. ಶಾಸನತಜ್ಞನಾದ ಜೆ. ಎಫ್. ಫ್ಲೀಟನು ಈ ಭಾಗದಲ್ಲಿ ಅಧಿಕಾರಿಯಾಗಿದ್ದಾಗ ಸಂಗ್ರಹಿಸಿದ ಕನ್ನಡ ಲಾವಣಿಗಳನ್ನು 1880ರ ದಶಕದಲ್ಲಿ 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ ಅನುವಾದಸಹಿತವಾಗಿ ಪ್ರಕಟಿಸಿದನು. ಅವುಗಳಲ್ಲಿ ಹಲಗಲಿಯ ಲಾವಣಿಯೂ ಒಂದು. ಎಂದರೆ, ಘಟನೆಯನ್ನು ಕಣ್ಣಾರೆ ಕಂಡವರು ಇನ್ನೂ ಬದುಕಿದ್ದ ಕಾಲದಲ್ಲಿಯೇ ಅದು ಬರವಣಿಗೆಗೆ ಇಳಿಯಿತು. ಕುರ್ತಕೋಟಿಯ ಕಲ್ಮೇಶನ ಅಂಕಿತವುಳ್ಳ ಆ ಹಾಡು ಮುಂದೆ ಶಾಲೆಯ ಪಠ್ಯವೂ ಆಗಿ ಕನ್ನಡ ಮಕ್ಕಳಿಗೆಲ್ಲ ಪರಿಚಿತವಾಯಿತು.

ಈ ಲಾವಣಿಯಲ್ಲಿ ಗಮನಿಸಬೇಕಾದ ಅಂಶಗಳು ಮೂರು. ಮೊದಲನೆಯದಾಗಿ, ಇಲ್ಲಿ ನಾಯಕನೊಬ್ಬನಿಲ್ಲ. ಪೂಜೇರಿ ಹನುಮ, ಬಾಲ, ಜಡಗ, ರಾಮ ಎಂಬ ನಾಲ್ವರು ಕೂಡಿ ಮಸಲತ್ತು ಮಾಡುತ್ತಾರೆ, ಅವರ ಹಿಂದೆ ಊರು ನಿಲ್ಲುತ್ತದೆ. ಎರಡನೆಯದಾಗಿ, ಜಗಳಕ್ಕೆ ಕಾರಣ ಸ್ಪಷ್ಟವಾಗಿದೆ, ಸಣ್ಣದೂ ಆಗಿದೆ. ಆಯುಧ ಹೋದರೆ ಬಾಳು ಹೋದಂತೆಯೇ ಎಂದು ಬಗೆದವರ ಮುಂದೆ ಕಾರಕೂನನೂ ಸಿಪಾಯಿಯೂ ಹುಕುಮು ಹಿಡಿದು ಬರುತ್ತಾರೆ, ಮೊದಲ ಏಟು ಬೀಳುವುದು ಕಾರಕೂನನ ಕಪಾಳಕ್ಕೆ. ಮೂರನೆಯದಾಗಿ, ಕೊನೆಯಲ್ಲಿ ಲಾವಣಿಕಾರನು ಲೂಟಿಯಾದ ಪದಾರ್ಥಗಳನ್ನು ಎಣಿಸುತ್ತಾನೆ: ಕೊಡಲಿ, ಕುಡ, ಹಾಲು, ಮೊಸರು, ಉಪ್ಪು, ಎಣ್ಣೆ, ಜೀರಿಗೆ, ಗಂಗಾಳ, ಚರಿಗೆ, ಮಂಗಳಸೂತ್ರ, ಕಡೆಗೆ ಬೀಸುವ ಕಲ್ಲು. ಸರಕಾರದ ದಫ್ತರದಲ್ಲಿ ಈ ಪಟ್ಟಿಗೆ ಸ್ಥಳವಿಲ್ಲ. ಆದರೆ ಹಲಗಲಿಯ ಜನ ಕಳೆದುಕೊಂಡುದೇನೆಂಬುದನ್ನು ಬೀಸುವ ಕಲ್ಲಿನಷ್ಟು ಖಚಿತವಾಗಿ ಹೇಳಬಲ್ಲ ದಾಖಲೆ ಇನ್ನೊಂದಿಲ್ಲ. ಕಲ್ಲನ್ನೂ ಬಿಡದೆ ಒಯ್ದರೆಂದರೆ ಆ ಊರಿನಲ್ಲಿ ಮರುದಿನ ಹಿಟ್ಟು ಬೀಸುವವರಿರಬಾರದೆಂದೇ ಅರ್ಥ.

೨

ಇಂತಹ ವಸ್ತುವನ್ನು ನಮ್ಮ ಐತಿಹಾಸಿಕ ಕಥನದ ರೂಢಿಯ ಅಚ್ಚಿನಲ್ಲಿ ಎರೆದರೆ ಏನಾಗುತ್ತದೆಂಬುದನ್ನು ಹಿಂದಿನ ಕೃತಿಗಳಿಂದ ಊಹಿಸಬಹುದು. ದೇವುಡು ಅವರ ಕಾದಂಬರಿಯನ್ನು ಆಧರಿಸಿ 1975ರಲ್ಲಿ ಬಂದ 'ಮಯೂರ' ಚಿತ್ರವು ಕನ್ನಡಿಗರ ಅಭಿಮಾನವನ್ನು ಎಚ್ಚರಿಸಿದ ಕೃತಿಯೆಂಬುದರಲ್ಲಿ ಸಂಶಯವಿಲ್ಲ. ಅಲ್ಲಿ ಬ್ರಾಹ್ಮಣ ಮನೆಯಲ್ಲಿ ಬೆಳೆದ ತರುಣನು ಕೊನೆಗೆ ಕದಂಬ ರಾಜವಂಶದವನೇ ಎಂದು ತಿಳಿದುಬರುತ್ತದೆ. ತಾಳಗುಂದದ ಸ್ತಂಭಶಾಸನ ಹೇಳುವುದು ಬೇರೆ. ಗುರು ವೀರಶರ್ಮನೊಡನೆ ಕಂಚಿಯ ಘಟಿಕೆಗೆ ಓದಲು ಹೋದ ಮಯೂರಶರ್ಮನು ಪಲ್ಲವರ ಅಶ್ವಾರೋಹಿಯೊಡನೆ ಕಲಹವಾಗಿ, ಅಪಮಾನದಿಂದ ಕೆರಳಿ, ದರ್ಭೆ ಹಿಡಿಯುವ ಕೈಯಲ್ಲಿ ಖಡ್ಗ ಹಿಡಿದನೆಂದು ಅದು ವರ್ಣಿಸುತ್ತದೆ. ಶಾಸನದಲ್ಲಿ ಶೌರ್ಯಕ್ಕೆ ಮೂಲ ಅಪಮಾನ. ಚಿತ್ರದಲ್ಲಿ ಅದಕ್ಕೆ ರಾಜರಕ್ತದ ಆಸರೆಯೂ ಬೇಕಾಯಿತು. ಶಾಸನವೇ ಹೆಚ್ಚು ದಿಟ್ಟವಾದ ಕಥೆಯನ್ನು ಹೇಳುತ್ತಿರುವಾಗ ಕಲ್ಪನೆಯು ಹಿಂದೆಗೆದುದು ವಿಷಾದದ ಸಂಗತಿ.

ಸಂಗೊಳ್ಳಿ ರಾಯಣ್ಣನ ವಿಷಯವನ್ನೂ ಹೀಗೆಯೇ ನೋಡಬಹುದು. 1831ರಲ್ಲಿ ನಂದಗಡದಲ್ಲಿ ಗಲ್ಲಿಗೇರಿದ ಆ ವೀರನು ಕಿತ್ತೂರಿನ ನಿಷ್ಠಾವಂತನೆಂಬುದು ನಿಜ. ಅವನು ಸೇತಸನದಿಯಾಗಿದ್ದನೆಂಬುದೂ, ಅಂತಹವರ ಭೂಮಿಗಳ ಮೇಲೆ ಹೊಸ ಆಡಳಿತದ ಕೈ ಬಿದ್ದಿತೆಂಬುದೂ, ಅವನ ದಂಡು ಸರಕಾರಿ ಕಚೇರಿಗಳನ್ನೂ ಕಾಗದಪತ್ರಗಳನ್ನೂ ಸುಟ್ಟಿತೆಂಬುದೂ ಅಷ್ಟೇ ನಿಜ. 2012ರ 'ಕ್ರಾಂತಿವೀರ ಸಂಗೊಳ್ಳಿ ರಾಯಣ್ಣ' ಚಿತ್ರವು ಅವನ ಹೆಸರನ್ನು ಮನೆಮನೆಗೆ ಮುಟ್ಟಿಸಿತು. ಆದರೆ ಪ್ರೇಕ್ಷಕನ ಮನಸ್ಸಿನಲ್ಲಿ ಉಳಿಯುವುದು ಖಡ್ಗದ ಝಳಪೇ ಹೊರತು ಸುಟ್ಟ ಕಾಗದವಲ್ಲ. ರೈತಾಪಿ ಮನುಷ್ಯನೊಬ್ಬನು ಕಂದಾಯದ ದಫ್ತರವನ್ನೇ ತನ್ನ ಶತ್ರುವೆಂದು ಗುರುತಿಸಿದುದರಲ್ಲಿ ಇರುವ ವಿವೇಕ ಖಡ್ಗಯುದ್ಧದಲ್ಲಿ ಕಾಣದು.

ಇದಕ್ಕೆ ಆಕ್ಷೇಪವೊಂದು ಬರಬಹುದು. ಚಲಚ್ಚಿತ್ರವು ಸಂಶೋಧನ ಪ್ರಬಂಧವಲ್ಲ. ಎರಡೂವರೆ ಗಂಟೆಯ ಅವಧಿಯಲ್ಲಿ ಒಬ್ಬ ನಾಯಕ, ಒಂದು ಗುರಿ ಇಲ್ಲದಿದ್ದರೆ ಕಥೆ ನಿಲ್ಲುವುದಿಲ್ಲ. ಲಾವಣಿಕಾರನೂ ಅತಿಶಯೋಕ್ತಿ ಮಾಡಲಿಲ್ಲವೆ? ಈ ಆಕ್ಷೇಪವನ್ನು ನಾವು ತಳ್ಳಿಹಾಕುವುದಿಲ್ಲ. ದಾಖಲೆ ಮೌನವಾಗಿರುವೆಡೆಯಲ್ಲಿ ಕಲಾವಿದನು ಸ್ವತಂತ್ರ. ಜಡಗನು ತನ್ನ ತಾಯಿಯೊಡನೆ ಏನು ಮಾತನಾಡಿದನು, ರಾಮನ ಮನೆ ಹೇಗಿತ್ತು ಎಂಬುದನ್ನು ಅವನು ಕಲ್ಪಿಸಲಿ, ಕಲ್ಪಿಸಲೇಬೇಕು. ದಾಖಲೆ ಮಾತನಾಡುವೆಡೆಯಲ್ಲಿ ಅದರ ಬಾಯಿ ಮುಚ್ಚಿಸುವ ಹಕ್ಕು ಮಾತ್ರ ಅವನಿಗಿಲ್ಲ. ನಾಲ್ವರನ್ನು ಒಬ್ಬನನ್ನಾಗಿ ಮಾಡಿ, ಉಳಿದ ಊರನ್ನು ಅವನ ಹಿಂದೆ ಜಯಕಾರ ಕೂಗುವ ಗುಂಪನ್ನಾಗಿ ಮಾಡಿದರೆ ಅದು ಸಂಕ್ಷೇಪವಲ್ಲ, ಅಪಹರಣ. ಲಾವಣಿಕಾರನು ಏಟಿನ ಬಲವನ್ನು ಹೆಚ್ಚಿಸಿ ಹೇಳಿರಬಹುದು, ಏಟು ಹಾಕಿದವರನ್ನು ಬದಲಿಸಲಿಲ್ಲ.

೩

ಇನ್ನು ಆಕ್ಷೇಪಾರ್ಹತೆಯ ವಿಚಾರ. 1952ರ ಸಿನಿಮಾಟೋಗ್ರಾಫ್ ಕಾಯಿದೆಯು ಪ್ರಮಾಣಪತ್ರ ನಿರಾಕರಿಸಲು ಕೊಡುವ ಕಾರಣಗಳಲ್ಲಿ ದೇಶದ ಭದ್ರತೆ, ಸಾರ್ವಜನಿಕ ಶಾಂತಿ, ಸಭ್ಯತೆ, ನೀತಿ, ಮಾನಹಾನಿ ಮೊದಲಾದವು ಇವೆ. ಇತಿಹಾಸವನ್ನು ತಪ್ಪಾಗಿ ಹೇಳುವುದು ಅಲ್ಲಿ ಪ್ರತ್ಯೇಕ ಕಾರಣವಾಗಿಲ್ಲ. ಇದು ಯುಕ್ತವೇ ಸರಿ. ಇತಿಹಾಸದ ಸತ್ಯವನ್ನು ಮಂಡಲಿಯ ಮುದ್ರೆಯಿಂದ ನಿರ್ಣಯಿಸತೊಡಗಿದರೆ ಪ್ರಬಲರಿಗೆ ಪ್ರಿಯವಾದುದೇ ಸತ್ಯವಾದೀತು. 2018ರ 'ಪದ್ಮಾವತ್' ಚಿತ್ರದ ಸುತ್ತ ಎದ್ದ ಗದ್ದಲದಲ್ಲಿ ಹೆಸರಿನ ಬದಲಾವಣೆ, ಮುನ್ಸೂಚನೆಯ ವಾಕ್ಯಗಳು ಇವೇ ದೊಡ್ಡವಾದವು. ಜಾಯಸಿಯ ಕಾವ್ಯವೇ ಹದಿನಾರನೆಯ ಶತಮಾನದ ಕಲ್ಪನೆಯೆಂಬ ಸಾಹಿತ್ಯಚರಿತ್ರೆಯ ಮಾತು ಅದರಲ್ಲಿ ಮುಳುಗಿಹೋಯಿತು. ಬೀದಿಯ ಕೋಪವು ವಿಮರ್ಶೆಯ ಕೆಲಸವನ್ನು ಮಾಡಲಾರದು.

ಹಾಗಾದರೆ ವಿಮರ್ಶಕನು ಯಾವುದನ್ನು ಆಕ್ಷೇಪಿಸಬೇಕು? ನಮ್ಮ ದೃಷ್ಟಿಯಲ್ಲಿ ಎರಡನ್ನು. ಮೊದಲನೆಯದು, ನೋವನ್ನು ವಿನೋದವನ್ನಾಗಿ ಮಾಡುವುದು. ಸುಟ್ಟ ಊರಿನಲ್ಲಿ ಸ್ತ್ರೀಯರಿಗಾದ ಹಾನಿಯನ್ನು ಲಾವಣಿಕಾರನು ಲೂಟಿಯ ಪಟ್ಟಿಯಲ್ಲಿ ಮಂಗಳಸೂತ್ರ ಎಂಬ ಒಂದೇ ಪದದಿಂದ ಸೂಚಿಸಿ ಮುಂದೆ ಸಾಗುತ್ತಾನೆ. ಅದೇ ಸ್ಥಳದಲ್ಲಿ ಬಲಾತ್ಕಾರದ ದೃಶ್ಯವನ್ನು ದೀರ್ಘವಾಗಿ ಬೆಳೆಸಿ, ಅದನ್ನು ನಾಯಕನ ಸೇಡಿಗೆ ನೆಪವಾಗಿಸುವ ರೂಢಿ ನಮ್ಮ ತೆರೆಗೆ ಹೊಸತಲ್ಲ. ಗಲ್ಲಿನ ದೃಶ್ಯವೂ ಹಾಗೆಯೇ. ಹತ್ತೊಂಬತ್ತು ಜನರ ಮರಣವು ರೋಮಾಂಚನದ ಸಾಮಗ್ರಿಯಾಗಕೂಡದು.

ಎರಡನೆಯದು, ದ್ರೋಹದ ಹೊರೆಯನ್ನು ಸಾಕ್ಷ್ಯವಿಲ್ಲದೆ ಹೊರಿಸುವುದು. ಇದಕ್ಕೆ ಹಲಗಲಿಯಿಂದ ಬೀಳಗಿಯ ಕಡೆಗೇ ತಿರುಗಬೇಕಾಗುತ್ತದೆ. ಜತ್ತ ಸಂಸ್ಥಾನದ ಸಿಂಧೂರ ಗ್ರಾಮದ ಲಕ್ಷ್ಮಣನು 1922ರಲ್ಲಿ ಬೀಳಗಿ ಸಮೀಪದ ಗುಡ್ಡದಲ್ಲಿ ಹತನಾದನು. ಪೋಲೀಸರ ಕಣ್ಣಿಗೆ ದರೋಡೆಕಾರ, ಬಡವರ ಹಾಡಿಗೆ ದಾತಾರ. ವೃತ್ತಿ ನಾಟಕ ಕಂಪನಿಗಳು ಅವನ ಕಥೆಯನ್ನು ದಶಕಗಳ ಕಾಲ ಆಡಿದವು. 1977ರಲ್ಲಿ ಹುಣಸೂರು ಕೃಷ್ಣಮೂರ್ತಿಯವರು 'ವೀರ ಸಿಂಧೂರ ಲಕ್ಷ್ಮಣ' ಚಿತ್ರವನ್ನು ನಿರ್ದೇಶಿಸಿದರು. ಇಂತಹ ವೀರನ ಕಥೆಗೆ ಆಶ್ರಯ ಕೊಟ್ಟವರೂ ಬೇಕು, ಹಿಡಿದುಕೊಟ್ಟವರೂ ಬೇಕು. ರಂಗಭೂಮಿಗೆ ಖಳನಿಲ್ಲದೆ ನಡೆಯದು. ಆದರೆ ನೂರು ವರ್ಷ ದೊಡ್ಡ ಅಂತರವಲ್ಲ. ಜನರ ಬಾಯಲ್ಲಿ ಬಂದ ಮಾತನ್ನೇ ಆಧಾರವಾಗಿಟ್ಟುಕೊಂಡು ಒಂದು ಮನೆತನದ ಹೆಸರನ್ನು ತೆರೆಯ ಮೇಲೆ ದ್ರೋಹಕ್ಕೆ ಪರ್ಯಾಯವಾಗಿಸಿದರೆ, ಅದರ ಫಲವನ್ನು ಅನುಭವಿಸುವವರು ಆ ಮನೆತನದ ಇಂದಿನ ಮಕ್ಕಳು. ವೀರನನ್ನು ದೊಡ್ಡವನನ್ನಾಗಿ ಮಾಡಿದರೆ ಹೆಚ್ಚೆಂದರೆ ಅತಿಶಯೋಕ್ತಿಯಾದೀತು, ನಿರಪರಾಧಿಯನ್ನು ದ್ರೋಹಿಯನ್ನಾಗಿ ಮಾಡಿದರೆ ಅನ್ಯಾಯವಾದೀತು. ಈ ಎರಡು ತಪ್ಪುಗಳನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು.

ಈ ವಿವೇಚನೆ ಕೇವಲ ಶಾಸ್ತ್ರೀಯವಲ್ಲ. ವಿಜಯನಗರದ ಬಗೆಗೆ ಚಿತ್ರವೊಂದು ತಪ್ಪು ಹೇಳಿದರೆ ತಿದ್ದಲು ಶಾಸನಗಳಿವೆ, ಪ್ರವಾಸಿಗರ ಬರಹಗಳಿವೆ, ಗ್ರಂಥಗಳ ಸಾಲೇ ಇದೆ. ಹಲಗಲಿಯಂತಹ ಊರಿಗೆ ಇರುವುದು ಅಧಿಕಾರಿಗಳ ವರದಿ ಮತ್ತು ಒಂದು ಹಾಡು. ಇಂತಹ ಸ್ಥಳದಲ್ಲಿ ಚಲಚ್ಚಿತ್ರವು ಇತಿಹಾಸದ ಪಕ್ಕದಲ್ಲಿ ನಿಲ್ಲುವುದಿಲ್ಲ, ಇತಿಹಾಸದ ಸ್ಥಾನದಲ್ಲಿಯೇ ಕುಳಿತುಬಿಡುತ್ತದೆ. ನಾಳೆ ನಮ್ಮ ವಿದ್ಯಾರ್ಥಿಯು ಉತ್ತರಪತ್ರಿಕೆಯಲ್ಲಿ ಬರೆಯುವುದು ತೆರೆಯ ಮೇಲೆ ಕಂಡುದನ್ನೇ. 1857ರಲ್ಲಿ ಹಲಗಲಿಯವರ ಕೈಯಿಂದ ಹತಾರು ಹೋಯಿತು. ಅವರ ಕಾರ್ಯದ ಒಡೆತನವೂ ಕೈತಪ್ಪಿ ಹೋಗದಂತೆ ನೋಡಿಕೊಳ್ಳುವುದು ಕಲಾವಿದರ ಹೊಣೆ, ಇತಿಹಾಸದ ಅಧ್ಯಾಪಕರ ಹೊಣೆಯೂ ಹೌದು.

ಆದುದರಿಂದ ನಮ್ಮ ಸೂಚನೆ ಇಷ್ಟು. ಚಿತ್ರ ಬಂದ ಮೇಲೆ ದೋಷ ಎಣಿಸುವುದಕ್ಕಿಂತ, ಬರುವ ಮೊದಲೇ ಲಾವಣಿಯ ಪಾಠಾಂತರಗಳನ್ನೂ ಮುಧೋಳ, ಕಲಾದಗಿಗಳಿಗೆ ಸಂಬಂಧಿಸಿದ ದಫ್ತರಗಳನ್ನೂ ಊರಿನ ಹಿರಿಯರ ಹೇಳಿಕೆಗಳನ್ನೂ ಒಂದೆಡೆ ಸೇರಿಸಿ ಕನ್ನಡದಲ್ಲಿ ಪ್ರಕಟಿಸುವುದು ವಿಭಾಗಗಳ ಕರ್ತವ್ಯ. ಗಲ್ಲಿಗೇರಿದ ಹತ್ತೊಂಬತ್ತು ಜನರಲ್ಲಿ ಎಷ್ಟು ಹೆಸರುಗಳು ಸಿಗುವವೋ ಅಷ್ಟನ್ನೂ ಅದರಲ್ಲಿ ಬರೆದಿಡಬೇಕು. ಅಂತಹ ಪುಸ್ತಕ ಕೈಗೆ ಸಿಕ್ಕ ಮೇಲೂ ಕಲಾವಿದನು ಒಬ್ಬನೇ ವೀರನನ್ನು ಬಯಸಿದರೆ ಆ ಆಯ್ಕೆ ಅವನದು, ಅದಕ್ಕೆ ಉತ್ತರ ಕೊಡಬೇಕಾದವನೂ ಅವನೇ.