ಕನ್ನಡಕ್ಕೆ ಬಂದ ಸಲಾಮಿಸ್

ಅಥೆನ್ಸಿನ ಬಂದರಿನಿಂದ ಕಣ್ಣಳತೆಯಲ್ಲೇ ಇರುವ ಸಲಾಮಿಸ್ ನೂರು ಚದರ ಕಿಲೋಮೀಟರೂ ಇಲ್ಲದ ದ್ವೀಪ. ಬಿ.ಎಂ.ಶ್ರೀ. ಅವರ ರುದ್ರನಾಟಕಗಳನ್ನು ಓದಿದವರು ಅದರ ಹತ್ತಿರ ಎರಡು ಸಲ ಸುಳಿದಿರುತ್ತಾರೆ. 1929ರ ‘ಅಶ್ವತ್ಥಾಮನ್’ಗೆ ಮೂಲ ಸಾಫೊಕ್ಲೀಸನ ‘ಏಜಾಕ್ಸ್’. ಏಜಾಕ್ಸ್ ಸಲಾಮಿಸ್ಸಿನ ಅರಸುಮಗ. 1935ರ ‘ಪಾರಸಿಕರು’ ಈಸ್ಕಿಲಸನ ನಾಟಕದ ಅನುವಾದ, ಕ್ರಿ.ಪೂ. 480ರಲ್ಲಿ ಅದೇ ದ್ವೀಪದ ಜಲಸಂಧಿಯಲ್ಲಿ ಪರ್ಷಿಯದ ನೌಕಾಬಲ ಸೋತದ್ದು ಅದರ ವಸ್ತು. ಮೊದಲನೆಯದನ್ನು ನಾವು ರೂಪಾಂತರವೆಂದು ಚರ್ಚಿಸುತ್ತೇವೆ, ಎರಡನೆಯದನ್ನು ಅನುವಾದವೆಂದು ಪಟ್ಟಿಗೆ ಸೇರಿಸಿ ಮುಂದೆ ಹೋಗುತ್ತೇವೆ. ಈ ದ್ವೀಪವನ್ನು ನಡುವೆ ಇಟ್ಟುಕೊಂಡು ಎರಡನ್ನೂ ಒಟ್ಟಿಗೆ ಓದಿದರೆ, ಒಂದರಲ್ಲಿ ಕಳೆದದ್ದು ಇನ್ನೊಂದರಲ್ಲಿ ಸಿಗುತ್ತದೆ ಎಂಬುದು ನನ್ನ ವಾದ.

ಸಲಾಮಿಸ್ಸಿನ ಚರಿತ್ರೆಯೇ ಸಾಹಿತ್ಯದ ವಿದ್ಯಾರ್ಥಿಗೆ ಮೋಜಿನದು. ಅದಕ್ಕಾಗಿ ಅಥೆನ್ಸಿಗೂ ಮೆಗಾರಾಕ್ಕೂ ಬಹುಕಾಲ ಜಗಳವಿತ್ತು. ಸೋತು ಸುಣ್ಣವಾದ ಅಥೆನ್ಸಿನವರು, ಆ ದ್ವೀಪದ ಮಾತೆತ್ತಿದವರಿಗೆ ಮರಣದಂಡನೆ ಎಂದು ಕಾನೂನು ಮಾಡಿದರಂತೆ. ಸೋಲನ್ ಹುಚ್ಚನಂತೆ ನಟಿಸಿ, ಸಂತೆಯಲ್ಲಿ ನಿಂತು ಸಲಾಮಿಸ್ಸಿನ ಮೇಲೆ ಪದ್ಯ ಹೇಳಿ ಜನರನ್ನು ಮತ್ತೆ ಯುದ್ಧಕ್ಕೆ ಎಬ್ಬಿಸಿದ ಎಂದು ಪ್ಲುಟಾರ್ಕ್ ಬರೆಯುತ್ತಾನೆ. ಪಂಚಾಯಿತಿ ಸ್ಪಾರ್ಟಾದವರ ಮುಂದೆ ಬಂದಾಗ ಅಥೆನ್ಸ್ ಹೋಮರನನ್ನೇ ಸಾಕ್ಷಿಗೆ ಕರೆಯಿತು: ಏಜಾಕ್ಸ್ ಸಲಾಮಿಸ್ಸಿನಿಂದ ಹನ್ನೆರಡು ಹಡಗು ತಂದು ಅಥೆನ್ಸಿನವರ ಪಕ್ಕದಲ್ಲಿ ನಿಲ್ಲಿಸಿದ ಎಂಬ ಮಾತು ‘ಇಲಿಯಡ್’ನಲ್ಲಿದೆ. ಅದು ಆಮೇಲೆ ತುರುಕಿದ ಸಾಲು ಎಂಬ ಗುಮಾನಿ ಪ್ರಾಚೀನರಿಗೇ ಇತ್ತು. ಕಾವ್ಯದ ಒಂದು ಸಾಲು ಪಹಣಿಯಂತೆ ಕೆಲಸ ಮಾಡಿತು! ಮುಂದೆ ಅಥೆನ್ಸ್ ತನ್ನ ಹತ್ತು ಗಣಗಳಲ್ಲಿ ಒಂದಕ್ಕೆ ಏಜಾಕ್ಸನ ಹೆಸರಿಟ್ಟು ಅವನನ್ನೂ ತನ್ನವನನ್ನಾಗಿ ಮಾಡಿಕೊಂಡಿತು.

ಸಾಫೊಕ್ಲೀಸನ ನಾಟಕದಲ್ಲಿ ದ್ವೀಪ ರಂಗದ ಮೇಲೆ ಬರುವುದೇ ಇಲ್ಲ, ಎಲ್ಲವೂ ಟ್ರಾಯ್ ದಂಡೆಯ ಮೇಲೆ ನಡೆಯುತ್ತದೆ. ಆದರೂ ಅದು ಉದ್ದಕ್ಕೂ ಕಾಡುತ್ತದೆ. ಮೇಳದವರು ಸಲಾಮಿಸ್ಸಿನ ನಾವಿಕರು. ತಮ್ಮ ಊರು ಸುಖವಾಗಿದೆ, ತಾವು ಮಾತ್ರ ಇಲ್ಲಿ ವರ್ಷಗಟ್ಟಲೆ ಕೊಳೆಯುತ್ತಿದ್ದೇವೆ ಎಂದು ಹಲುಬುತ್ತಾರೆ. ಅಖಿಲೀಸನ ಆಯುಧಗಳು ಒಡಿಸಿಯಸ್ಸನ ಪಾಲಾಗಿವೆ. ಹುಚ್ಚಿನಲ್ಲಿ ವೈರಿಗಳೆಂದು ದನಕುರಿಗಳನ್ನು ಕಡಿದ ಏಜಾಕ್ಸನಿಗೆ ಎಚ್ಚರವಾದಾಗ ದೊಡ್ಡ ಪ್ರಶ್ನೆ ಇದು: ಊರಿಗೆ ಹೋಗಿ ಅಪ್ಪ ಟೆಲಮೋನನಿಗೆ ಯಾವ ಮುಖ ತೋರಿಸಲಿ? ಕತ್ತಿಯ ಮೇಲೆ ಬೀಳುವ ಮುಂಚೆ ಅವನು ಸಲಾಮಿಸ್ಸಿನ ನೆಲಕ್ಕೂ ತಂದೆಮನೆಯ ಒಲೆಗೂ ವಿದಾಯ ಹೇಳುತ್ತಾನೆ.

‘ಅಶ್ವತ್ಥಾಮನ್’ನಲ್ಲಿ ಈ ಮನೆ ಇಲ್ಲ, ಇರುವುದು ಸಾಧ್ಯವೂ ಇಲ್ಲ. ದ್ರೋಣ ಸತ್ತಾಗಿದೆ. ಅಶ್ವತ್ಥಾಮನ ಪಾಲಿನ ರಾಜ್ಯವೆಂದರೆ ಶಿಷ್ಯರ ಕೈಯಿಂದ ಗುರುದಕ್ಷಿಣೆಯಾಗಿ ಕಸಿಸಿಕೊಂಡ ಅರ್ಧ ಪಾಂಚಾಲ, ಬಾಗಿಲಲ್ಲಿ ಕಾಯುವ ಅಪ್ಪ ಇರುವ ಊರಲ್ಲ. ಹಾಗಾಗಿ ಏಜಾಕ್ಸನ ಸಾವಿಗಿದ್ದ ಕಾರಣಗಳಲ್ಲಿ ಅತಿ ಗಟ್ಟಿಯಾದದ್ದು ಕನ್ನಡದಲ್ಲಿ ಜಾರಿಹೋಗಿದೆ. ಚಿರಂಜೀವಿಯನ್ನು ಕೊಂದದ್ದು ಸರಿಯೇ ಎಂದು ವಿಮರ್ಶೆ ಸಾಕಷ್ಟು ವಾದಿಸಿದೆ. ನನಗೆ ಅದು ಅಷ್ಟು ದೊಡ್ಡ ಆಕ್ಷೇಪವಾಗಿ ಕಾಣುವುದಿಲ್ಲ. ಮಾನ ಹೋದವನು ಹೋಗಲಾರದಂಥ ಒಂದು ಊರು ಅವನಿಗೆ ಇಲ್ಲದಿರುವುದೇ ನಾಟಕದ ನಿಜವಾದ ಕೊರತೆ.

ಆದರೆ ಆ ಜಾಗಕ್ಕೆ ಶ್ರೀಯವರು ಇನ್ನೊಂದನ್ನು ತಂದರು. ಏಜಾಕ್ಸನ ಮಲತಮ್ಮ ಟ್ಯೂಸರನ ಸ್ಥಾನದಲ್ಲಿ ಅವರು ನಿಲ್ಲಿಸಿದ್ದು ಏಕಲವ್ಯನನ್ನು. ಮಹಾಭಾರತದ ಪ್ರಕಾರ ಏಕಲವ್ಯ ಆ ಹೊತ್ತಿಗೆ ಕೃಷ್ಣನ ಕೈಯಲ್ಲಿ ಸತ್ತಿದ್ದಾನೆ. ಅಂದರೆ ಸಾಯಬಾರದವನನ್ನು ಸಾಯಿಸಿದ ಕವಿಯೇ ಸತ್ತವನನ್ನು ಎಬ್ಬಿಸಿ ತಂದಿದ್ದಾರೆ! ಟ್ಯೂಸರ್ ಬಿಲ್ಲುಗಾರ, ಮೆನೆಲಾಸ್ ಅದನ್ನೇ ಹಿಡಿದು ಹಂಗಿಸುತ್ತಾನೆ, ಅಗಮೆಮ್ನಾನ್ ‘ಸೆರೆಯಾಳಿನ ಮಗ’ ಎಂದು ಹುಟ್ಟನ್ನು ಎತ್ತಿ ಆಡುತ್ತಾನೆ. ಬಿಲ್ಲುಗಾರಿಕೆ, ಹುಟ್ಟಿನ ಅವಮಾನ ಎರಡೂ ಏಕಲವ್ಯನಿಗೆ ಹೊಲಿದಂತೆ ಕೂಡುತ್ತವೆ. ಮೇಲಾಗಿ ಗ್ರೀಕಿನಲ್ಲಿಲ್ಲದ ಭಾರವೊಂದು ಸೇರುತ್ತದೆ: ಅಶ್ವತ್ಥಾಮನಿಗೆ ಅರ್ಧ ರಾಜ್ಯ ಬಂದದ್ದು ಒಂದು ಗುರುದಕ್ಷಿಣೆಯಿಂದ, ಏಕಲವ್ಯನ ಹೆಬ್ಬೆರಳು ಹೋದದ್ದು ಇನ್ನೊಂದರಿಂದ. ಆ ಗುರುವಿನ ಮಗನ ಹೆಣದ ಪರವಾಗಿ ನಿಲ್ಲುವವನು ಬೆರಳು ಕೊಟ್ಟವನು. ದ್ವೀಪ ಕಳೆದುಕೊಂಡು ಕನ್ನಡ ಇಷ್ಟನ್ನು ಗಳಿಸಿತು.

ನಮ್ಮ ಹಿರಿಯೂರಿನ ಕಡೆ ಸಾಗರವೆಂದರೆ ವಾಣಿವಿಲಾಸ ಸಾಗರ, ಅದೂ ಆಡುಮಾತಿನಲ್ಲಿ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ತುಂಬಿದ್ದು 2022ರಲ್ಲಿ. ಚಿತ್ರದುರ್ಗದ ಚಂದ್ರವಳ್ಳಿಯಲ್ಲಿ ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕಿವೆ, ಮೆಡಿಟರೇನಿಯನ್ ದುಡ್ಡು ಈ ಬಯಲಿಗೆ ಎಂದೋ ಬಂದಿದೆ. ಆದರೆ ದ್ವೀಪದವನ ಮನೆಹಂಬಲವನ್ನು ಇಲ್ಲಿ ಕೂತು ಓದುವುದು ಸಲೀಸಲ್ಲ.

ಇನ್ನು ‘ಪಾರಸಿಕರು’. ಈ ಶೀರ್ಷಿಕೆಯೇ ನಮ್ಮ ಕಾವ್ಯಪರಂಪರೆಯ ನೆನಪನ್ನು ಕೆಣಕುತ್ತದೆ. ‘ರಘುವಂಶ’ದಲ್ಲಿ ರಘು ಪಾರಸೀಕರನ್ನು ಗೆಲ್ಲಲು ನೆಲದ ದಾರಿಯಲ್ಲಿ ಹೊರಡುತ್ತಾನೆ. ಕಡಲಯಾನ ನಿಷಿದ್ಧವಾದ್ದರಿಂದ ಹೀಗೆ ಎಂದು ಮಲ್ಲಿನಾಥನ ವಿವರಣೆ. ಅಲ್ಲಿ ಪಾರಸೀಕರು ಗೆದ್ದವನ ಕಣ್ಣಿಗೆ ಕಂಡ ಸೋತವರು. ಈಸ್ಕಿಲಸ್ ಇದನ್ನು ತಿರುಗಿಸುತ್ತಾನೆ. ಸಲಾಮಿಸ್ಸಿನಲ್ಲಿ ತಾನೇ ಕಾದಿದ್ದನೆಂದು ಹೇಳಲಾಗುವ ಆ ಕವಿ, ಕ್ರಿ.ಪೂ. 472ರಲ್ಲಿ, ಗೆದ್ದ ಊರಿನ ಜನರ ಮುಂದೆ ಸೋತವರ ಅರಮನೆಯ ಅಳುವನ್ನು ಇಟ್ಟ. ಯುದ್ಧ ರಂಗದ ಮೇಲಿಲ್ಲ. ದೂರದ ಸೂಸಾದಲ್ಲಿ ರಾಜಮಾತೆಯ ಮುಂದೆ ದೂತನೊಬ್ಬ ವರದಿ ಮಾಡುತ್ತಾನೆ. ಆಂಗ್ಲ ಚಕ್ರಾಧಿಪತ್ಯದ ಕಾಲದಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮೇಷ್ಟರು ಇಂಥ ನಾಟಕವನ್ನು ಆರಿಸಿಕೊಂಡದ್ದನ್ನು ಬರೀ ಪ್ರಯೋಗದ ಉತ್ಸಾಹವೆನ್ನಲು ನನಗೆ ಮನಸ್ಸಾಗದು.

ಸೂಸಾದವರಿಗೆ ಸಲಾಮಿಸ್ ಕಿವಿಗೆ ಬೀಳಬಾರದ ಹೆಸರು, ಹೆಣಗಳು ತುಂಬಿದ ದಂಡೆ. ಆದರೆ ಅದೇ ದೂತನ ವರದಿಯ ನಡುವೆ ಒಂದು ಕೂಗು ಕೇಳುತ್ತದೆ. ಬೆಳಗಿನ ಹೊತ್ತು ಗ್ರೀಕ್ ಹಡಗುಗಳಿಂದ ಎದ್ದದ್ದು: ನಾಡನ್ನು ಬಿಡಿಸಿ, ಹೆಂಡಿರು ಮಕ್ಕಳನ್ನು, ದೇವರ ಗುಡಿಗಳನ್ನು, ಹಿರಿಯರ ಗೋರಿಗಳನ್ನು ಬಿಡಿಸಿ ಎಂದು. ಅಥೆನ್ಸ್ ಆಗ ಬರಿದಾಗಿತ್ತು. ಊರು ಬಿಡಿಸಿದ ಹೆಂಗಸರು ಮಕ್ಕಳಲ್ಲಿ ಎಷ್ಟೋ ಮಂದಿಯನ್ನು ಇರಿಸಿದ್ದು ಆ ಹಡಗುಗಳ ಬೆನ್ನಿಗಿದ್ದ ಸಲಾಮಿಸ್ಸಿನಲ್ಲೇ. ‘ಅಶ್ವತ್ಥಾಮನ್’ನಲ್ಲಿ ಬಿಟ್ಟುಹೋದ ಮನೆ ಆರು ವರ್ಷಗಳ ಬಳಿಕ ಕನ್ನಡಕ್ಕೆ ಬಂದದ್ದು ಹೀಗೆ, ಸೋತ ಸೈನ್ಯದ ದೂತನ ಬಾಯಲ್ಲಿ.