ಹೊರೆಕಾಣಿಕೆ ಒಳಕ್ಕೆ, ಹೊತ್ತವರು ಎಲ್ಲಿಗೆ?

ಮಠಕ್ಕೂ ಊರಿಗೂ ಸಂಬಂಧ ಚೆನ್ನಾಗಿರಬೇಕು ಅನ್ನೋ ಮಾತನ್ನು ಎಲ್ಲರೂ ಆಡುತ್ತಾರೆ. ಸ್ವಾಮಿಗಳು ಆಡುತ್ತಾರೆ, ಮಂತ್ರಿಗಳು ಆಡುತ್ತಾರೆ. ಯಾವ ಊರು ಸ್ವಾಮಿ, ಅದರಲ್ಲಿ ಕೇರಿಯೂ ಸೇರಿತೋ ಅಂತ ಕೇಳಿದರೆ ಮಾತ್ರ ಮಾತು ನಿಂತುಹೋಗುತ್ತದೆ. ಉಡುಪಿಯನ್ನೇ ಇಟ್ಟುಕೊಂಡು ನೋಡೋಣ.

ಎರಡು ವರ್ಷಕ್ಕೊಮ್ಮೆ ಕೃಷ್ಣನ ಪೂಜೆಯ ಅಧಿಕಾರ ಅಷ್ಟಮಠಗಳಲ್ಲಿ ಒಂದರಿಂದ ಇನ್ನೊಂದಕ್ಕೆ ಹೋಗುತ್ತದೆ. ಅದು ಪರ್ಯಾಯ. ಅದಕ್ಕೆ ಮುಂಚೆ ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ನಾಲ್ಕೂ ಅಡುಗೆಮನೆಯ ಲೆಕ್ಕವೇ! ಆಮೇಲೆ ಹಳ್ಳಿಹಳ್ಳಿಯಿಂದ ಹೊರೆಕಾಣಿಕೆ. ಅಕ್ಕಿ ಮೂಟೆ, ತೆಂಗಿನಕಾಯಿ, ತರಕಾರಿ, ಎಲ್ಲ ಮೆರವಣಿಗೆಯಲ್ಲಿ ಬರುತ್ತದೆ. ನಾಟಿ ಮಾಡಿದ ಕೈ ಯಾವ ಜಾತಿಯದು ಅಂತ ಅಕ್ಕಿಯನ್ನು ಯಾರೂ ಕೇಳುವುದಿಲ್ಲ. ಕುಂಬಳಕಾಯಿಗೆ ಮೈಲಿಗೆ ಇಲ್ಲ. ಅದೇ ಅಕ್ಕಿ ಅನ್ನವಾಗಿ ಎಲೆಗೆ ಬೀಳುವ ಹೊತ್ತಿಗೆ ಪಂಕ್ತಿ ಎರಡಾಗುತ್ತಾ ಬಂದಿದೆ. 2014ರಲ್ಲಿ ಬ್ರಾಹ್ಮಣರ ಪಂಕ್ತಿಯಲ್ಲಿ ಕೂತಿದ್ದ ಮಹಿಳೆಯೊಬ್ಬರನ್ನು ಅಲ್ಲಿಂದ ಎಬ್ಬಿಸಿದಾಗ ನಾಡೆಲ್ಲ ಗಲಾಟೆಯಾಯಿತು. ಎಬ್ಬಿಸಿದ್ದು ಸುದ್ದಿಯಾಯಿತು. ಎಬ್ಬಿಸಲಿಕ್ಕೆ ಒಂದು ಪಂಕ್ತಿ ಅಂತ ಇತ್ತಲ್ಲ, ಅದು ಸುದ್ದಿಯಾಗಲು ಇಷ್ಟು ಶತಮಾನ ಬೇಕಾಯಿತು.

ಈ 'ಸೌಹಾರ್ದ' ಎಂಬ ಮಾತಿಗೆ ಹಿಂದೆ ಒಂದು ಸರಳ ಹೆಸರಿತ್ತು: ಗೇಣಿ. ಮಠ ಧಣಿ, ಊರು ಒಕ್ಕಲು. 1974ರ ಭೂಸುಧಾರಣೆ ತಿದ್ದುಪಡಿ ಆ ಗಂಟನ್ನು ಬಿಚ್ಚಿತು. ಉಳುತ್ತಿದ್ದ ಗೇಣಿದಾರ ಭೂಮಿಗೆ ಒಡೆಯನಾದ. ಮಠಗಳ ಕೈಯಿಂದ ಭೂಮಿ ಹೋಯಿತು. ಒಕ್ಕಲು ಬರೀ ಭಕ್ತನಾಗಿ ಉಳಿದ. ಭಕ್ತನ ಹತ್ತಿರ ಗೇಣಿ ವಸೂಲು ಮಾಡಲಿಕ್ಕಾಗುವುದಿಲ್ಲ, ಅವನನ್ನು ಒಲಿಸಬೇಕು. ಪ್ರೀತಿ, ಸಂಪರ್ಕ, ಸಹಕಾರದ ಮಾತು ಅಲ್ಲಿಂದಾಚೆಗೆ ಜೋರಾದದ್ದು ಆಕಸ್ಮಿಕ ಅಂತ ನನಗೆ ಅನ್ನಿಸುವುದಿಲ್ಲ. ಆದರೆ ಒಲಿಸಬೇಕಾದವರ ಪಟ್ಟಿಯಲ್ಲೂ ಕೇರಿಯವರು ಕೊನೆಯವರೇ. ಅವರು ಗೇಣಿದಾರರೇ ಆಗಿರಲಿಲ್ಲ, ಮೂಲದಾಳುಗಳಾಗಿದ್ದರು. ಅದೇ ಗದ್ದೆಯ ಕೆಸರಲ್ಲಿ ನಿಂತಿದ್ದರೂ ಡಿಕ್ಲರೇಷನ್ ಹಾಕಲು ಅವರ ಹತ್ತಿರ ಗೇಣಿ ಚೀಟಿ ಎಲ್ಲಿತ್ತು?

ಪೇಜಾವರದ ವಿಶ್ವೇಶತೀರ್ಥರು (1931–2019) ಕೇರಿಗೆ ಬಂದರಲ್ಲ ಅಂತ ಕೇಳುವವರಿದ್ದಾರೆ. ಬಂದರು, ಅದನ್ನು ಮುಚ್ಚಿಡಬೇಕಾಗಿಲ್ಲ. ಸ್ವಂತ ಸಮಾಜದ ಬೈಗುಳ ತಿಂದೇ ಬಂದರು. 2017ರಲ್ಲಿ ಮಠದಲ್ಲೇ ಮುಸ್ಲಿಮರಿಗೆ ಇಫ್ತಾರ್ ಕೂಟ ಮಾಡಿ, ವಿರೋಧಿಸಿದವರಿಗೆ ನೇರವಾಗಿ ಉತ್ತರ ಕೊಟ್ಟರು. ಅದು ಸಣ್ಣ ಧೈರ್ಯವಲ್ಲ. ಆದರೂ ಅತಿಥಿಗೆ ಊಟ ಇಕ್ಕುವುದು ಬೇರೆ, ಪಕ್ಕದಲ್ಲಿ ಕೂತು ಉಣ್ಣುವುದು ಬೇರೆ. ಅತಿಥಿ ಸಂಜೆ ಮನೆಗೆ ಹೋಗುತ್ತಾನೆ. ಕೇರಿಯವನು ಹಿಂದೂ ಎಂದು ಕರೆಸಿಕೊಂಡವನು. 1969ರಲ್ಲಿ ಅದೇ ಉಡುಪಿಯ ವಿಶ್ವ ಹಿಂದೂ ಪರಿಷತ್ ಸಮ್ಮೇಳನ, ಹಿಂದೂಗಳೆಲ್ಲ ಸಹೋದರರು ಎಂದು ಸಾರಿತು. ಅಣ್ಣತಮ್ಮಂದಿರು ಅಂದಮೇಲೆ ಎಲೆ ಯಾಕೆ ಬೇರೆ ಹಾಕಬೇಕು? ಸ್ವಾಮಿಗಳು ಕೇರಿಗೆ ಬರುವಾಗ ಕಾಲು ತೊಳೆಯುವವರು ನಾವು. ನಾವು ಅವರ ಕಡೆ ನಡೆದುಹೋದ ಸಂದರ್ಭಗಳನ್ನು ಬೆರಳಲ್ಲಿ ಎಣಿಸಬಹುದು. 2010ರಲ್ಲಿ ಮಾದಾರ ಚೆನ್ನಯ್ಯ ಗುರುಪೀಠದ ಸ್ವಾಮಿಗಳು ಮೈಸೂರಿನ ಬ್ರಾಹ್ಮಣರ ಬೀದಿಯಲ್ಲಿ ಪಾದಯಾತ್ರೆ ಮಾಡಿದ್ದು ಅಂಥ ಒಂದು. ಅದೂ ಬೀದಿಯಲ್ಲೇ ನಡೆದದ್ದು.

ಊರು ಕೊಡುವುದು ದವಸವನ್ನಷ್ಟೇ ಅಲ್ಲ, ದುಡಿಮೆಯನ್ನೂ ಕೊಡುತ್ತದೆ. ಆ ಲೆಕ್ಕ ತಿಳಿಯಬೇಕಾದರೆ ಅದೇ ಕರಾವಳಿ ಸೀಮೆಯ ಕುಕ್ಕೆ ಸುಬ್ರಹ್ಮಣ್ಯಕ್ಕೆ ಹೋಗಬೇಕು. ಅಲ್ಲಿ ಚಂಪಾಷಷ್ಠಿಯ ರಥವನ್ನು ಕಾಡಿನ ಬೆತ್ತ ತಂದು ಕಟ್ಟುವವರು ಮಲೆಕುಡಿಯರು. ಅವರು ಕಟ್ಟದಿದ್ದರೆ ದೇವರಿಗೆ ತೇರಿಲ್ಲ. ಅದೇ ಜಾತ್ರೆಯಲ್ಲಿ ಬ್ರಾಹ್ಮಣರು ಉಂಡುಬಿಟ್ಟ ಎಲೆಯ ಮೇಲೆ ಜನ ಉರುಳುವ ಮಡೆಸ್ನಾನ ನಡೆದುಕೊಂಡು ಬಂತು. ಉಡುಪಿಯ ಮಠ 2018ರಲ್ಲಿ ತನ್ನಲ್ಲಿ ಮಡೆಸ್ನಾನ, ಎಡೆಸ್ನಾನ ಎರಡನ್ನೂ ಕೈಬಿಟ್ಟಿತು, ಒಳ್ಳೆಯದೇ ಆಯಿತು. ಕುಕ್ಕೆಯಲ್ಲಿ 2011ರಲ್ಲಿ ಮಡೆಸ್ನಾನಕ್ಕೆ ತಡೆ ಹಾಕಿದಾಗ ಆದದ್ದೇ ಬೇರೆ. ಉರುಳುವುದು ನಮ್ಮ ಹಕ್ಕು, ತಡೆ ತೆಗೆಯದಿದ್ದರೆ ರಥದ ಕೆಲಸಕ್ಕೆ ಬರುವುದಿಲ್ಲ ಎಂದು ಮಲೆಕುಡಿಯರೇ ನಿಂತರು. ತಡೆ ಹೋಯಿತು. ಬುದ್ಧಿವಂತರು ಆಗ ಅವರನ್ನು ನೋಡಿ ನಕ್ಕರು. ನಗುವಂಥದ್ದೇನಿದೆ? ಬೆತ್ತ ಹಿಡಿದ ಕೈ ಒಂದು ಸಲ 'ಒಲ್ಲೆ' ಅಂದದ್ದಕ್ಕೆ ದೇವಸ್ಥಾನವೂ ಸರ್ಕಾರವೂ ಬಗ್ಗಿದವು. ಆ 'ಒಲ್ಲೆ' ಎಂಜಲೆಲೆಯ ಪರವಾಗಿ ಖರ್ಚಾಯಿತು. ಪಂಕ್ತಿಯಲ್ಲಿ ಕೂರುವುದಕ್ಕಾಗಿ ಅದನ್ನು ಇನ್ನೂ ಯಾರೂ ಹೇಳಿ ನೋಡಿಲ್ಲ.